ಮಲ್ಲಪ್ಪನು ಬಿಟ್ಟುಹೋದ ಮೇಲೆ ಉಳಿದ ಕೆಲಸ

ಮೊನ್ನೆ ಅವರೆಕಾಯಿ ಬಿಡಿಸುತ್ತ ಕೂತಿದ್ದೆ. ನನ್ನ ಮಗಳು ಬಂದವಳೇ ಅಂಕಗಣಿತದ ಪುಸ್ತಕವನ್ನು ಮೊರದ ಮೇಲೆ ಧೊಪ್ಪನೆ ಹಾಕಿ, "ಅಮ್ಮಾ, ಈ ಮಲ್ಲಪ್ಪನ್ನ ನೀನೇ ವಿಚಾರಿಸ್ಕೊ. ನನ್ನ ಕೈಲಾಗಲ್ಲ" ಎಂದು ಕುಂಟೆಬಿಲ್ಲೆ ಆಡಲು ಓಡಿಬಿಟ್ಟಳು. ಕಾಳಿನ ನಡುವೆ ತೆರೆದುಬಿದ್ದ ಪುಟವನ್ನು ನೋಡಿದೆ. ಅದೇ ಲೆಕ್ಕ! ನಾನು ಲಂಗ ಉಡುತ್ತಿದ್ದ ಕಾಲದಲ್ಲಿ ಬೇಲಿ ಕಟ್ಟಲು ನಿಂತ ಮಲ್ಲಪ್ಪ ಇನ್ನೂ ಕಟ್ಟುತ್ತಲೇ ಇದ್ದಾನೆ.

ಮಲ್ಲಪ್ಪನು ಒಂದು ಬೇಲಿಯನ್ನು ಆರು ದಿನಗಳಲ್ಲಿಯೂ, ಸಿದ್ದಪ್ಪನು ಅದೇ ಬೇಲಿಯನ್ನು ಹನ್ನೆರಡು ದಿನಗಳಲ್ಲಿಯೂ ಕಟ್ಟಬಲ್ಲರು. ಇಬ್ಬರೂ ಕೂಡಿ ಎರಡು ದಿನ ಕೆಲಸ ಮಾಡಿದ ಮೇಲೆ ಮಲ್ಲಪ್ಪನು ಬಿಟ್ಟುಹೋದನು. ಉಳಿದ ಕೆಲಸವನ್ನು ಸಿದ್ದಪ್ಪನೊಬ್ಬನೇ ಎಷ್ಟು ದಿನಗಳಲ್ಲಿ ಮುಗಿಸುವನು?

ಯಾಕೆ ಬಿಟ್ಟುಹೋದ, ಎಲ್ಲಿಗೆ ಹೋದ ಎಂದು ಪುಸ್ತಕ ಹೇಳುವುದಿಲ್ಲ. ಲೆಕ್ಕಕ್ಕೆ ಅದು ಬೇಕಾಗಿಲ್ಲ. ಬೇಕಾಗುವುದು ಉಳಿದವರಿಗೆ.

ಈ ಲೆಕ್ಕದ ಪುಸ್ತಕದ ಜನ ಎಂಥವರು ಅಂತ ನಿಮಗೂ ಗೊತ್ತಿರಬೇಕು. ಇವರಿಗೆ ಜ್ವರ ಬರುವುದಿಲ್ಲ, ಸೊಂಟ ಹಿಡಿಯುವುದಿಲ್ಲ, ಮಾವನ ಮನೆಯಿಂದ ಕರೆಯಲು ಯಾರೂ ಬರುವುದಿಲ್ಲ. ಹತ್ತಾಳು ಒಂದು ಬಾವಿಯನ್ನು ಇಷ್ಟು ದಿನದಲ್ಲಿ ತೋಡಿದರೆ ಇಪ್ಪತ್ತಾಳು ಅದರ ಅರ್ಧ ದಿನದಲ್ಲಿ ತೋಡಿ ಮುಗಿಸಿಬಿಡುತ್ತಾರೆ. ನಮ್ಮ ಮಧುಗಿರಿಯಲ್ಲಿ ಬಾವಿ ತೋಡಿಸಿದವರನ್ನು ಒಂದು ಮಾತು ಕೇಳಿ ನೋಡಿ. ಆಳುದ್ದ ಇಳಿಯುವಷ್ಟರಲ್ಲಿ ಬಂಡೆ ಸಿಕ್ಕುತ್ತದೆ. ಆಮೇಲೆ ಹತ್ತಾಳಾದರೇನು, ನೂರಾಳಾದರೇನು, ಎಲ್ಲರೂ ದಡದಲ್ಲಿ ಕುಕ್ಕರಗಾಲಲ್ಲಿ ಕೂತು ಎಲೆಅಡಿಕೆ ಹಾಕಿಕೊಂಡು ಬಂಡೆಯ ಮುಖ ನೋಡುವುದೇ ಕೆಲಸ.

ನನಗಂತೂ ಲೆಕ್ಕ ಎಂದರೆ ಆಗಿನಿಂದಲೂ ಹೊಟ್ಟೆನೋವು. ಬೇರೆ ಹುಡುಗಿಯರು ಲೆಕ್ಕ ಮಾಡಿ ಪುಸ್ತಕದ ಹಿಂದೆ ಉತ್ತರ ನೋಡುತ್ತಿದ್ದರು. ನಾನು ಮೊದಲು ಹಿಂದೆ ಉತ್ತರ ನೋಡಿ, ಅಲ್ಲಿಗೆ ಹೋಗಿ ಸೇರುವ ದಾರಿಯನ್ನು ಹುಡುಕುತ್ತಿದ್ದೆ. ಎಷ್ಟೋ ಸಲ ದಾರಿ ಸಿಗುತ್ತಿರಲಿಲ್ಲ, ಕಿವಿ ಮಾತ್ರ ಕೆಂಪಾಗುತ್ತಿತ್ತು.

ಲೆಕ್ಕದ ತಲೆ ಇದ್ದದ್ದು ನಮ್ಮ ಗಂಗಕ್ಕನಿಗೆ. ನನಗಿಂತ ಬಹಳ ದೊಡ್ಡವಳು. ನಾನು ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಮೂರನೆಯ ಕ್ಲಾಸಿನಲ್ಲಿದ್ದಾಗ ಅವಳು ಪಾವಗಡದ ಗಂಡನ ಮನೆಯಿಂದ ಬಂದು ನಮ್ಮಲ್ಲೇ ಇದ್ದಳು. ಅವಳು ಬಂದ ಕಾರಣ ಭಾವ. ಭಾವನ ಮನೆಯವರದು ಕಡಲೆಕಾಯಿ ವ್ಯಾಪಾರ. ಒಂದು ದಿನ ಅಪ್ಪನಿಗೂ ಮಗನಿಗೂ ಮಾತಿಗೆ ಮಾತು ಬೆಳೆಯಿತಂತೆ. ಭಾವ ಹೆಗಲ ಮೇಲೆ ಟವಲ್ ಹಾಕಿಕೊಂಡು, "ಹಿಂದೂಪುರಕ್ಕೆ ಹೋಗಿ ಬತ್ತೀನಿ ಕಣೇ" ಎಂದು ಅಕ್ಕನಿಗೆ ಹೇಳಿ ಹೊರಟವರು ಅಲ್ಲಿ ರೈಲು ಹತ್ತಿಬಿಟ್ಟರು. ಆದವಾನಿಯಲ್ಲಿ ಹತ್ತಿ ಗಿರಣಿಗೆ ಸೇರಿದ್ದಾರೆ ಎಂದು ಒಂದು ಸಲ ಸುದ್ದಿ ಬಂತು. ಆಮೇಲೆ ಸುದ್ದಿಯೂ ನಿಂತಿತು. ಅಕ್ಕನ ಅತ್ತೆ, "ಮಾ ವಾಡು, ನನ್ನ ಮಗ, ಮನೆ ಬಿಟ್ಟಿದ್ದೇ ಈ ಪಿಲ್ಲ ಕಾಲ್ಗುಣದಿಂದ" ಎಂದು ಬೀದಿಗೆಲ್ಲ ಕೇಳುವ ಹಾಗೆ ತೆಲುಗು ಕನ್ನಡ ಎರಡರಲ್ಲೂ ಹೇಳುತ್ತಿದ್ದರಂತೆ. ಅಪ್ಪ ಹೋಗಿ ಮಗಳನ್ನು ಕರೆದುಕೊಂಡು ಬಂದರು.

ನಾನು ಕಂಡಂತೆ ಭಾವ ಒಳ್ಳೆಯವರು. ನಮ್ಮ ಮನೆಗೆ ಬಂದಾಗಲೆಲ್ಲ ಜೇಬಿನಲ್ಲಿ ಹುರಿಗಡಲೆ ಬೆಲ್ಲ ಇಟ್ಟುಕೊಂಡು ನನ್ನ ಕೈಗೆ ಸುರಿಯುತ್ತಿದ್ದರು. ಹೆಸರು ಮಲ್ಲಪ್ಪ.

ಈ ಹೆಸರನ್ನು ನಾನು ಹೀಗೆ ಸಲೀಸಾಗಿ ಬರೆದುಬಿಟ್ಟೆ. ಅಕ್ಕನಿಗೆ ಅದು ಸಾಧ್ಯವಿರಲಿಲ್ಲ. ನಮ್ಮ ಕಡೆ ಆಗ ಹೆಂಡತಿ ಗಂಡನ ಹೆಸರನ್ನು ಬಾಯಲ್ಲಿ ಹೇಳುವ ಹಾಗಿರಲಿಲ್ಲ. ಹೇಳಿದರೆ ಅವನ ಆಯುಸ್ಸು ಸವೆಯುತ್ತದೆ. ಮದುವೆಯ ದಿನ ಹೆಸರು ಹೇಳುವ ಶಾಸ್ತ್ರದಲ್ಲಿ ಒಂದು ಸಲ ಹೇಳಿದರೆ ಮುಗಿಯಿತು, ಆಮೇಲೆ ಸಾಯುವವರೆಗೂ 'ಅವರು', 'ಇವರು', 'ನಮ್ಮನೆಯವರು'. ಗಂಡನ ಹೆಸರಿನ ಚೂರು ಬೇರೆ ಮಾತಿನಲ್ಲಿ ಬಂದರೂ ಕಷ್ಟ. ನಮ್ಮ ಎದುರುಮನೆಯ ಯಜಮಾನರ ಹೆಸರು ಬೆಟ್ಟಪ್ಪ. ಮಧುಗಿರಿಯಲ್ಲಿ ಕದ ತೆಗೆದರೆ ಬೆಟ್ಟ, ಕಿಟಕಿ ತೆಗೆದರೆ ಬೆಟ್ಟ. ಪಾಪ, ಅವರ ಹೆಂಡತಿ ಏನು ಮಾಡಬೇಕು? "ಮೇಲಿರೋದ್ರ ಮ್ಯಾಲೆ ಮೋಡ ಕವಿದೈತೆ, ಬಟ್ಟೆ ಎತ್ಕೊಳ್ರೇ" ಎಂದು ಕೂಗುತ್ತಿದ್ದಳು. ನಮ್ಮ ಅಕ್ಕ ಮಲ್ಲಿಗೆಯನ್ನು 'ಬಿಳೀ ಹೂವು' ಎನ್ನುತ್ತಿದ್ದಳು. ಮಲ್ಲೇಶ್ವರನ ಗುಡಿಗೆ 'ದೊಡ್ಡ ಗುಡಿ' ಎನ್ನುತ್ತಿದ್ದಳು.

ಇಂಥ ಹೆಂಗಸರು ಹೊರಗೆ ಹೊರಟರೆ ಮಗ್ಗುಲಲ್ಲಿ ಒಂದು ಮಗು ಇರಲೇಬೇಕು. ಗುಡಿಯಲ್ಲಿ ಪೂಜೆ ಮಾಡುವ ಅಯ್ಯನವರೋ, ಚಾವಡಿಯ ಗುಮಾಸ್ತರೋ "ಯಜಮಾನ್ರ ಹೆಸ್ರೇನಮ್ಮಾ?" ಎಂದರೆ ಆ ಮಗು ಹೇಳಬೇಕು. ಅಕ್ಕನಿಗೆ ಆ ಬಾಯಿ ನಾನು. ಅವಳು ನನ್ನ ಭುಜ ತಟ್ಟುವಳು, ನಾನು "ಮಲ್ಲಪ್ಪ!" ಎಂದು ಕೂಗುವೆ. ಲೆಕ್ಕದಲ್ಲಿ ದಡ್ಡಿಯಾದ ನನಗೆ ಅದೊಂದು ದೊಡ್ಡ ಹುದ್ದೆ ಸಿಕ್ಕಿದ ಹಾಗಿತ್ತು.

ಅಕ್ಕ ಬಂದು ವರ್ಷ ಕಳೆಯಿತು, ಎರಡಾಯಿತು. ಅಷ್ಟರಲ್ಲಿ ಅತ್ತೆಗೆ ಸೊಂಟ ಬಿದ್ದುಹೋಯಿತು. ಸೊಸೆಯನ್ನು ಕಳಿಸಿ, ಮನೆ ನೋಡಿಕೊಳ್ಳಲು ಯಾರೂ ಇಲ್ಲ ಎಂದು ಪಾವಗಡದಿಂದ ಮೇಲಿಂದ ಮೇಲೆ ಹೇಳಿಕಳಿಸತೊಡಗಿದರು. ಆಗ ಅಕ್ಕನ ನೆರವಿಗೆ ಬಂದವರು ನಮ್ಮ ಸ್ಕೂಲಿನ ವೀರಭದ್ರಯ್ಯ ಮೇಷ್ಟ್ರು. ಅಪ್ಪನಿಗೆ ಸ್ನೇಹಿತರು, ನಶ್ಯದ ಡಬ್ಬಿ ಬಿಟ್ಟರೆ ಬೇರೆ ಆಸ್ತಿ ಇಲ್ಲದವರು. ಒಂದು ದಿನ ಬಂದು ಅಪ್ಪನಿಗೆ ಹೇಳಿದರು:

"ಶಿವಣ್ಣೋರೆ, ಯುಗಾದಿ ಕಳೆದ ಮೇಲೆ ಇನ್ಸ್‌ಪೆಕ್ಟ್ರೆಸ್ಸಮ್ಮ ಬತ್ತಾರೆ. ಲೆಕ್ಕ ಪಾಠ ಮಾಡಿಸಿ ನೋಡಿ, ಒಪ್ಪಿದ್ರೆ ಮೈಸೂರಿಗೆ ಟ್ರೈನಿಂಗಿಗೆ ಕಳಿಸ್ತಾರೆ. ಊಟ ವಸತಿ ಎಲ್ಲ ಸರ್ಕಾರದ್ದೇ. ಮುಗಿಸ್ಕೊಂಡು ಬಂದ್ರೆ ಕೊರಟಗೆರೆಯಲ್ಲೋ ಶಿರಾದಲ್ಲೋ ಮೇಡಮ್ಮು. ನಿಮ್ಮ ಹುಡುಗಿ ತಲೆ ಅಂಥಾದ್ದು. ನನ್ನ ಮಾತು ಕೇಳಿ."

ಅಪ್ಪ ಹೇಳಿದರು: "ಆಗ್ಲಿ. ಆಯಮ್ಮ ಒಪ್ಪಿದ್ರೆ ಗಂಗಾ ಮೈಸೂರಿಗೆ. ಒಪ್ಪದಿದ್ರೆ ಪಾವಗಡಕ್ಕೆ. ಬೀಗರಿಗೆ ಇನ್ನೂ ಎಷ್ಟು ದಿನ ನೆವ ಹೇಳ್ಲಿ?"

ಅವತ್ತಿನಿಂದ ಮಧ್ಯಾಹ್ನವೆಲ್ಲ ಜಗುಲಿಯ ಮೇಲೆ ಲೆಕ್ಕವೇ ಲೆಕ್ಕ. ಮೇಷ್ಟ್ರದು ಒಂದೇ ಮಂತ್ರ. "ಏನೇ ಕೊಡ್ಲಿ, ಮೊದ್ಲು ಒಂದಕ್ಕೆ ಇಳಿಸು ತಾಯಿ. ಒಂದು ದಿನಕ್ಕೆ ಎಷ್ಟು? ಒಬ್ಬನಿಗೆ ಎಷ್ಟು? ಆಮೇಲೆ ಎಷ್ಟಕ್ಕೆ ಬೇಕೋ ಅಷ್ಟಕ್ಕೆ ಏರಿಸ್ಕೊ." ಅಕ್ಕ ಇಳಿಸುವುದೂ ಏರಿಸುವುದೂ ನೋಡುವುದಕ್ಕೆ ಚಂದ. ಬಳಪ ನಿಲ್ಲುತ್ತಲೇ ಇರಲಿಲ್ಲ. ಶೇಕಡಾ ಲೆಕ್ಕ ಬಂದಾಗ ಅಮ್ಮ ಒಳಗಿನಿಂದ ಕೇಳಿಸಿಕೊಂಡು ಬಾಗಿಲಿಗೆ ಬಂದು ನಿಂತಳು.

"ನೂರಕ್ಕೆ ಇಷ್ಟು ಅಂತೀರಲ್ಲ ಮೇಷ್ಟ್ರೆ, ಆದವಾನಿ ಕಡೆ ಹೋದೋರು ನೂರಕ್ಕೆ ಎಷ್ಟು ಜನ ವಾಪಸ್ ಬತ್ತಾರೆ?"

ಮೇಷ್ಟ್ರು ಕೈಯಲ್ಲಿದ್ದ ನಶ್ಯವನ್ನು ಏರಿಸುವುದನ್ನೇ ಮರೆತರು. "ಅದು ಶೇಕಡಾಕ್ಕೆ ಬರೋ ಲೆಕ್ಕ ಅಲ್ಲ ಕಣಮ್ಮ" ಎಂದರು. ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದಳು.

ಬೀಜಗಣಿತ ಶುರುವಾದ ಮೇಲೆ ಅಕ್ಕನ ಮುಖದಲ್ಲಿ ಕಳೆ ಬಂತು. ಗೊತ್ತಿಲ್ಲದ ಸಂಖ್ಯೆಗೆ ಎಕ್ಸ್ ಎಂದು ಇಟ್ಟುಕೊಳ್ಳಬೇಕು, ಕೊನೆಗೆ ಎಕ್ಸ್ ಎಷ್ಟೆಂದು ತಾನಾಗಿ ಗೊತ್ತಾಗುತ್ತದೆ ಎಂದು ಮೇಷ್ಟ್ರು ಹೇಳಿದ್ದೇ ತಡ, ಅಕ್ಕ ಸಿಕ್ಕಸಿಕ್ಕಲ್ಲಿ ಎಕ್ಸ್ ಹಾಕತೊಡಗಿದಳು. ಬೇಲಿಯ ಲೆಕ್ಕ ಬಂದ ದಿನ ಸ್ಲೇಟು ನೋಡಿ ಮೇಷ್ಟ್ರು ಹುಬ್ಬು ಗಂಟು ಹಾಕಿದರು.

"ಇವನು ಒಬ್ನೇ ಕಟ್ಟಿದ್ರೆ ಆರು ದಿನ ಅಂತ ಪುಸ್ತಕದಲ್ಲೇ ಐತಲ್ಲಮ್ಮ. ಗೊತ್ತಿರೋನಿಗೆ ಯಾಕೆ ಎಕ್ಸು?"

ಅಕ್ಕ ತಲೆ ತಗ್ಗಿಸಿ ನನ್ನ ಭುಜ ತಟ್ಟಿದಳು. ನಾನು ನನ್ನ ಹುದ್ದೆಯ ಗತ್ತಿನಲ್ಲಿ ಹೇಳಿದೆ: "ಅದು ನಮ್ಮ ಭಾವನ ಹೆಸ್ರು ಮೇಷ್ಟ್ರೆ!"

ಮೇಷ್ಟ್ರು ಒಂದು ಗಳಿಗೆ ಪುಸ್ತಕ ನೋಡಿದರು, ಒಂದು ಗಳಿಗೆ ಅಕ್ಕನನ್ನು ನೋಡಿದರು. "ಅಂಗೋ! ಆಗ್ಲಿ ಬುಡು. ಇವತ್ತಿಂದ ಅವನ ಹೆಸ್ರು ಎಕ್ಸಪ್ಪ" ಎಂದರು. ಅಕ್ಕ ಬಾಯಿಗೆ ಸೆರಗು ಹಿಡಿದು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನೋಡಿ ಎಷ್ಟು ದಿನವಾಗಿತ್ತೋ. ಎಕ್ಸಪ್ಪ ನಮ್ಮ ಜಗುಲಿಯ ಮೇಲೆ ಎಷ್ಟು ಬೇಲಿ ಕಟ್ಟಿದ, ಎಷ್ಟು ತೊಟ್ಟಿ ತುಂಬಿಸಿದ!

ಇದರ ಜೊತೆಗೇ ನಾನು ಒಂದು ಚಿಂತೆ ಹಚ್ಚಿಕೊಂಡೆ. ತ್ರೈರಾಶಿಯಲ್ಲಿ ಎರಡು ಜಾತಿ ಎಂದು ಕ್ಲಾಸಿನಲ್ಲಿ ಕಲಿಸಿದ್ದರು. ಒಂದರಲ್ಲಿ ಇದು ಹೆಚ್ಚಿದರೆ ಅದೂ ಹೆಚ್ಚುತ್ತದೆ. ಇನ್ನೊಂದು ವ್ಯಸ್ತ, ಇದು ಹೆಚ್ಚಿದಷ್ಟೂ ಅದು ಇಳಿಯುತ್ತದೆ. ಆಳು ಹೆಚ್ಚಿದರೆ ದಿನ ಕಡಿಮೆ. ಹಾಗಾದರೆ ಹೆಸರು ಹೇಳಿದಷ್ಟೂ ಆಯುಸ್ಸು ಕಡಿಮೆ ಎನ್ನುವುದೂ ವ್ಯಸ್ತವೇ ತಾನೆ? ನಾನು ಊರೆಲ್ಲ ಭಾವನ ಹೆಸರು ಕೂಗಿಕೊಂಡು ಬಂದಿದ್ದೇನಲ್ಲ, ಅದು ಯಾರ ಲೆಕ್ಕಕ್ಕೆ? ಹೆದರಿಕೊಂಡು ಅಕ್ಕನನ್ನೇ ಕೇಳಿದೆ. ಅವಳು ನನ್ನ ಜಡೆ ಬಿಗಿಯುತ್ತ, "ನಿಂದು ಲೆಕ್ಕಕ್ಕಿಲ್ಲ ಕಣೇ. ನಂದು ಮಾತ್ರ" ಎಂದಳು. ನನಗೆ ಎಷ್ಟೋ ಹಗುರವಾಯಿತು. ಅವಳಿಗೆ ಎಷ್ಟು ಭಾರವಿತ್ತೆಂದು ಆಗ ತಿಳಿಯಲಿಲ್ಲ.

ಯುಗಾದಿ ಕಳೆದು ಇನ್ಸ್‌ಪೆಕ್ಟ್ರೆಸ್ಸಮ್ಮ ಬಂದರು. ಕನ್ನಡಕ, ಕಾಲಲ್ಲಿ ಬೂಟು, ಕೈಯಲ್ಲಿ ಛತ್ರಿ. ಹುಲಿಯೇ ಬರುತ್ತದೆ ಎಂದುಕೊಂಡಿದ್ದ ನಮಗೆ ಆಕೆಯ ಮಾತು ಕೇಳಿ ಆಶ್ಚರ್ಯ. ಅಷ್ಟು ಮೃದು. ಪಾಠ ನಮ್ಮ ಕ್ಲಾಸಿನಲ್ಲೇ ನಡೆಯಬೇಕು, ಅಕ್ಕ ಬೋರ್ಡಿನ ಮುಂದೆ ನಿಂತು ಒಂದು ಲೆಕ್ಕವನ್ನು ಗಟ್ಟಿಯಾಗಿ ಓದಿ, ಹಂತ ಹಂತವಾಗಿ ಬಾಯಿಬಿಟ್ಟು ಬಿಡಿಸಿ ಹೇಳಬೇಕು ಎಂದು ಆಕೆಯೇ ವಿವರಿಸಿದರು. ನಾನು ಮುಂದಿನ ಮಣೆಯಲ್ಲೇ ಇದ್ದೆ. ಅಕ್ಕ ಅಮ್ಮನ ಹಸಿರು ಸೀರೆ ಉಟ್ಟಿದ್ದಳು.

ಮೊದಲ ಲೆಕ್ಕ ಶೇಕಡಾದ್ದು. ಅಕ್ಕ ಎಷ್ಟು ಚೆನ್ನಾಗಿ ಹೇಳಿದಳೆಂದರೆ ನನ್ನಂಥವಳಿಗೂ ಅರ್ಥವಾಯಿತು. ಇನ್ಸ್‌ಪೆಕ್ಟ್ರೆಸ್ಸಮ್ಮ ತಲೆದೂಗಿದರು. ಹಿಂದೆ ಗೋಡೆಗೆ ಒರಗಿ ನಿಂತಿದ್ದ ಮೇಷ್ಟ್ರ ಮುಖ ಅರಳಿತು. "ಇನ್ನೊಂದು ಸಾಕು" ಎಂದು ಆಕೆ ಪುಸ್ತಕ ತಿರುವಿ, ಒಂದು ಕಡೆ ಬೆರಳಿಟ್ಟು ಅಕ್ಕನ ಕೈಗೆ ಕೊಟ್ಟರು.

ಅಕ್ಕ ಪುಸ್ತಕ ನೋಡಿದಳು. ಓದಲಿಲ್ಲ. ನಮ್ಮ ಕಡೆ ತಿರುಗಿ, "ಇಬ್ಬರು ಸೇರಿ ಒಂದು ಬೇಲಿ ಕಟ್ಟುತ್ತಾರೆ ಮಕ್ಕಳೇ. ಒಬ್ಬರನ್ನ ಎಕ್ಸ್ ಅಂತ ಇಟ್ಕೊಳ್ಳೋಣ" ಎಂದು ಶುರುಮಾಡಿದಳು.

"ಐದನೇ ಕ್ಲಾಸಿಗೆ ಎಕ್ಸ್ ಗೊತ್ತಿಲ್ಲಮ್ಮ" ಎಂದರು ಆಕೆ. "ಪುಸ್ತಕದಲ್ಲಿ ಇರುವ ಹಾಗೆ ಹೆಸರು ಓದಿ."

ಅಕ್ಕನ ಕೈ ಪಕ್ಕಕ್ಕೆ ಹೋಯಿತು, ನನ್ನ ಭುಜ ಹುಡುಕಿಕೊಂಡು. ನಾನು ಮಣೆಯಿಂದ ಎದ್ದು ನಿಂತು ಶಕ್ತಿಯೆಲ್ಲ ಬಿಟ್ಟು ಕೂಗಿದೆ: "ಮಲ್ಲಪ್ಪ, ಮೇಡಂ!" ಕ್ಲಾಸೆಲ್ಲ ಗೊಳ್ಳೆಂದಿತು.

ಇನ್ಸ್‌ಪೆಕ್ಟ್ರೆಸ್ಸಮ್ಮ ನಗಲಿಲ್ಲ. ಅವರಿಗೆ ಅರ್ಥವಾಯಿತು. "ನೀನು ಕೂತ್ಕೊ ಮಗು" ಎಂದು, ಎದ್ದು ಅಕ್ಕನ ಹತ್ತಿರ ಬಂದರು. "ನಿಮ್ಮ ಯಜಮಾನರ ಹೆಸರಾ?"

ಅಕ್ಕ ತಲೆಯಾಡಿಸಿದಳು.

"ನೋಡಿಯಮ್ಮ, ನಾಳೆ ನಿಮ್ಮ ಕ್ಲಾಸಿನಲ್ಲಿ ಅದೇ ಹೆಸರಿನ ಮಗು ಇದ್ದರೆ ಹಾಜರಿ ಹೇಗೆ ಕೂಗ್ತೀರಿ? ಪಾಠ ಹೇಳೋಳಿಗೆ ಇದು ಆಗಬೇಕಾದ್ದು. ಒಂದು ಸಲ ಹೇಳಿಬಿಡಿ. ಈ ಮಕ್ಕಳೆಲ್ಲ ಬೇಕಾದರೆ ಕಿವಿ ಮುಚ್ಚಿಕೊಳ್ಳಲಿ. ನಾನು ಇಲ್ಲೇ ನಿಮ್ಮ ಹೆಸರು ಬರೆದುಕೊಂಡು ಹೋಗ್ತೀನಿ."

ಮೇಷ್ಟ್ರು ಗೋಡೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದರು. "ಹೇಳ್ಬುಡು ತಾಯಿ, ಹೇಳ್ಬುಡು" ಎಂದರು.

ಅಕ್ಕ ಬಾಯಿ ತೆರೆದಳು. ನಾನು ಮುಂದಿನ ಮಣೆಯಲ್ಲಿದ್ದೆನಲ್ಲ, ನೋಡಿದೆ. ತುಟಿ ಸೇರಿದವು, ಬಿಟ್ಟವು, ಮತ್ತೆ ಸೇರಿದವು. ಕಣ್ಣಿನಿಂದ ನೀರು ಇಳಿದು ಗಲ್ಲಕ್ಕೆ ಬಂತು. ಶಬ್ದ ಬರಲಿಲ್ಲ. ಆಕೆ ಬಹಳ ಹೊತ್ತು ಕಾದರು. ಆಮೇಲೆ ಅಕ್ಕನ ಕೈಯಿಂದ ಪುಸ್ತಕವನ್ನು ಮೆಲ್ಲಗೆ ತೆಗೆದುಕೊಂಡು ಮೇಜಿನ ಮೇಲೆ ಇಟ್ಟರು.

ಮನೆಗೆ ಬರುವ ದಾರಿಯಲ್ಲಿ ಅಕ್ಕ ಒಂದೇ ಮಾತಾಡಿದ್ದು. "ಹಲ್ಲಿನ ತುದೀವರ್ಗೂ ಬಂತು ಕಣೇ. ಅವ್ರು ಎಲ್ಲೋ ಊಟಕ್ಕೆ ಕೂತಿದ್ರೆ, ಎಲ್ಲೋ ರೈಲಿನಲ್ಲಿ ಬತ್ತಾ ಇದ್ರೆ... ನನ್ನ ಬಾಯಿಂದ ಏನಾದ್ರೂ ಆಗ್ಬುಟ್ರೆ?" ನಾನು ಅವಳ ಸೆರಗು ಹಿಡಿದುಕೊಂಡು ನಡೆದೆ.

ಅಪ್ಪ ಕೊಟ್ಟ ಮಾತಿನಂತೆ ಪಾವಗಡಕ್ಕೆ ಗಾಡಿ ಕಟ್ಟಿಸಿದರು. ಗಾಡಿ ಹೊರಡುವಾಗ ಮೇಷ್ಟ್ರು ಬರಲಿಲ್ಲ. ತಮ್ಮ ಮನೆಯಲ್ಲಿ ಕದ ಹಾಕಿಕೊಂಡು ಕೂತಿದ್ದರಂತೆ. ಅಕ್ಕ ಸ್ಲೇಟನ್ನು ನನಗೇ ಬಿಟ್ಟುಹೋದಳು.

ಶ್ರಾವಣದಲ್ಲಿ ಶಿರಾ ಕಡೆಯ ಈರಜ್ಜ ನಮ್ಮ ಮನೆಗೆ ಬಂದ. ಕುರಿ ಸಾಕುವ ಮನೆತನ, ಕಂಬಳಿ ನೇಯ್ದು ಬಳ್ಳಾರಿ ಆದವಾನಿಯವರೆಗೂ ಹೊತ್ತು ಮಾರುವವನು. ಪ್ರತಿ ವರ್ಷ ಬಂದಾಗ "ಅವ್ವಾ, ಮಜ್ಜಿಗೆ" ಎಂದು ಬಾಗಿಲಲ್ಲೇ ಕೂಗುತ್ತಿದ್ದವನು ಈ ಸಲ ಮಜ್ಜಿಗೆ ಕೇಳಲಿಲ್ಲ. ಕಂಬಳಿಯ ಹೊರೆಯನ್ನು ಇಳಿಸಲೂ ಇಲ್ಲ.

"ಯಜಮಾನ್ರೆ, ನಿಮ್ಮ ಅಳೀದೇವ್ರನ್ನ ಕೇಳ್ಕಂಡು ಗಿರಣಿ ತಾವ ಹೋಗಿದ್ದೆ. ಅಲ್ಲಿ ಒಬ್ಬ ಪಾವಗಡದ ಸೀಮೆಯೋನು ಸಿಕ್ದ. 'ಮಲ್ಲಪ್ಪನಾ? ಸಚ್ಚಿಪೋಯಿನಾಡು ಕದಾ' ಅಂದ. ವಾಂತಿಭೇದಿ ಬಂದು ತೀರ್ಕಂಡ್ರಂತೆ. ಗಿರಣಿಯೋರಿಗೆ ಯಾವೂರು, ಯಾರ ಮಗ ಏನೂ ಗೊತ್ತಿರ್ಲಿಲ್ವಂತೆ. ಅಲ್ಲೇ ಮಣ್ಣು ಮಾಡಿದ್ರಂತೆ." ಹೇಳುತ್ತ ಹೇಳುತ್ತ ಮುದುಕ ಕಂಬಳಿಯಿಂದಲೇ ಕಣ್ಣು ಒತ್ತಿಕೊಂಡ.

"ಯಾವಾಗ?" ಎಂದರು ಅಪ್ಪ.

"ಹೋದ ದೀಪಾವಳಿ ಟೈಮಿನಾಗೆ ಸ್ವಾಮಿ."

ದೀಪಾವಳಿ. ಇನ್ಸ್‌ಪೆಕ್ಟ್ರೆಸ್ಸಮ್ಮ ಬಂದದ್ದು ಯುಗಾದಿ ಕಳೆದ ಮೇಲೆ. ಸ್ಲೇಟಿಲ್ಲದೆ, ಪುಸ್ತಕದ ಹಿಂದೆ ನೋಡದೆ ನಾನು ಸರಿಯಾಗಿ ಮಾಡಿದ ಮೊದಲನೆಯ ಲೆಕ್ಕ ಅದು. ಅಕ್ಕ ಹಸಿರು ಸೀರೆ ಉಟ್ಟು ಬಾಯಿ ಕಟ್ಟಿಕೊಂಡು ನಿಂತಿದ್ದ ಹೊತ್ತಿಗೆ ಭಾವನ ಗುಂಡಿಯ ಮೇಲೆ ಹುಲ್ಲು ಬೆಳೆದು ಒಣಗಿಯೂ ಹೋಗಿತ್ತು. ಅವಳು ಯಾರ ಆಯುಸ್ಸನ್ನು ಕಾಯುತ್ತಿದ್ದಳು? ಈಗಲೂ ಅದನ್ನು ನೆನೆಸಿಕೊಂಡರೆ ನನಗೆ ಯಾರ ಮೇಲೋ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಇನ್ನೂ ಗೊತ್ತಾಗಿಲ್ಲ.

ಪಾವಗಡದಲ್ಲಿ ಆಗಬೇಕಾದ್ದೆಲ್ಲ ಆಯಿತು. ಅದನ್ನು ನಾನು ಬರೆಯುವುದಿಲ್ಲ. ಆಮೇಲೆ ಅಪ್ಪ ಅಕ್ಕನನ್ನು ನಾಲ್ಕು ದಿನ ಇರಲೆಂದು ಮಧುಗಿರಿಗೆ ಕರೆತಂದರು. ಮೇಷ್ಟ್ರು ಬಂದು ಕೂತು, "ಮುಂದಿನ ಯುಗಾದಿಗೆ ಆಯಮ್ಮ ಮತ್ತೆ ಬತ್ತಾರೆ ತಾಯಿ. ಈಗೇನು ಅಡ್ಡಿ?" ಎಂದವರು ತಮ್ಮ ಮಾತು ತಮಗೇ ಕೇಳಿಸಿ ತಲೆ ತಗ್ಗಿಸಿದರು. ಅಕ್ಕನಿಗೆ ಬೇಸರವಾಗಲಿಲ್ಲ. "ನಮ್ಮತ್ತೆ ಹಾಸಿಗೆ ಬಿಟ್ಟು ಏಳ್ತಾ ಇಲ್ಲ ಮೇಷ್ಟ್ರೆ. ಮಗನ ಸುದ್ದಿ ಕೇಳಿದ ಮೇಲೆ ಅನ್ನ ನಾನು ಕಲಸಿ ಇಟ್ರೇನೇ ಬಾಯಿ ತೆಗೆಯೋದು. ಅವರನ್ನ ಯಾರಿಗೆ ಬಿಟ್ಟು ಬರ್ಲಿ?" ಎಂದಳು. ಹಾಗೆಯೇ ನಡೆಯಿತು. ಅತ್ತೆ ಬಹಳ ವರ್ಷ ಬದುಕಿದರು. ಅಕ್ಕ ಮೇಡಂ ಆಗಲಿಲ್ಲ.

ಹೊರಡುವ ಹಿಂದಿನ ಮಧ್ಯಾಹ್ನ ಜಗುಲಿಯ ಮೇಲೆ ನಾವಿಬ್ಬರೇ ಇದ್ದೆವು. ಕೈಯಲ್ಲಿ ಬಳೆಯಿಲ್ಲ, ಹಣೆ ಬರಿದು. ನನಗೆ ಅವಳ ಮುಖ ನೋಡಲು ಭಯ.

"ಆ ಲೆಕ್ಕದ ಪುಸ್ತಕ ತಗೊಂಬಾರೇ" ಎಂದಳು. ತಂದು ಕೂತೆ. "ಬೇಲಿ ಲೆಕ್ಕ ಓದು."

ನಾನು ಅವಳಿಗಾಗಿ ಎಂದು, "ಎಕ್ಸಪ್ಪನು ಒಂದು ಬೇಲಿಯನ್ನು..." ಎಂದು ಓದತೊಡಗಿದೆ. ಅವಳು ಕೈಯೆತ್ತಿ ತಡೆದಳು. ನೆಟ್ಟಗೆ ಕೂತು, ಬೋರ್ಡಿ‌ನ ಮುಂದೆ ನಿಂತವಳ ಹಾಗೆ ಗಟ್ಟಿಯಾಗಿ ಹೇಳಿದಳು.

"ಮಲ್ಲಪ್ಪ."

ಅಕ್ಕನ ಬಾಯಲ್ಲಿ ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಎದುರುಮನೆಯ ಬೆಟ್ಟಪ್ಪನವರ ಹೆಂಡತಿ ಕೇರುತ್ತಿದ್ದ ಮೊರವನ್ನು ನಿಲ್ಲಿಸಿ ನೋಡಿದಳು. ಅಮ್ಮ ಒಳಗಿನಿಂದ ಓಡಿಬಂದಳು. "ಮೆಲ್ಲಗೆ ಕಣೇ ಗಂಗಾ! ಅದೇನು ಹಂಗೆ ಹೆಸ್ರು ಹಿಡಿದು..."

"ಇನ್ನೇನು ಕಮ್ಮಿ ಆಗೋದೈತೆ ಅಮ್ಮ?" ಎಂದಳು ಅಕ್ಕ.

ಅಮ್ಮ ಬಾಗಿಲಿನ ಚೌಕಟ್ಟು ಹಿಡಿದು ಅಲ್ಲೇ ಕೂತಳು. ಅಕ್ಕ ನಿಲ್ಲಿಸಲಿಲ್ಲ. "ಮಲ್ಲಪ್ಪನ ಒಂದು ದಿನದ ಕೆಲಸ, ಬೇಲಿಯಲ್ಲಿ ಆರನೇ ಒಂದು ಭಾಗ. ಸಿದ್ದಪ್ಪಂದು ಹನ್ನೆರಡನೇ ಒಂದು. ಇಬ್ಬರೂ ಸೇರಿದ್ರೆ ದಿನಕ್ಕೆ ಕಾಲು ಭಾಗ. ಎರಡು ದಿನಕ್ಕೆ ಅರ್ಧ ಆಯ್ತು." ಇಲ್ಲಿ ಪುಸ್ತಕದ ಸಾಲಿನ ಮೇಲೆ ಬೆರಳಿಟ್ಟಳು. "ಮಲ್ಲಪ್ಪ ಬಿಟ್ಟು ಹೋದ. ಉಳಿದದ್ದು ಅರ್ಧ ಬೇಲಿ. ಅದನ್ನ ಒಬ್ಬರೇ ಕಟ್ಟಬೇಕು. ಆರು ದಿನ ಹಿಡೀತದೆ."

ಆಮೇಲೆ ನನ್ನ ಕಡೆ ತಿರುಗಿ, "ಸರಿಯಾ, ಹಿಂದೆ ನೋಡಿ ಹೇಳು" ಎಂದಳು.

ನಾನು ಪುಸ್ತಕದ ಹಿಂದೆ ನೋಡಿದೆ. ಸರಿಯಾಗಿತ್ತು.